ಹಳೆಯ ಫ್ರಿಜ್ಜಿನಲ್ಲಿ ಬಿಯರ್ ಕೆಗ್: ಕೊರೆಯುವ ಮುನ್ನ ಮಾಡಬೇಕಾದ ಕೆಲಸ, ಕೊರೆದ ಮೇಲೆ ಮಾಡಬೇಕಾದ ಕೆಲಸ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ನಮ್ಮ ಕನ್ನಡದ ಗೆಳೆಯರು ಹಳೆಯ ಫ್ರಿಜ್ಜನ್ನು ಬಿಯರ್ ತುಂಬಿಡುವ ಲೋಹದ ಪೀಪಾಯಿಗಳಾದ ಕೆಗ್‌ಗಳಿಗಾಗಿ ಮಾರ್ಪಡಿಸಲು ಹೊರಟಾಗ ಎಡವುವುದು ಹೆಚ್ಚು ಕಡಿಮೆ ಮೂರೇ ಕಡೆಗಳಲ್ಲಿ. ಬಿಯರನ್ನು ನಲ್ಲಿಗೆ ತಳ್ಳುವ ಇಂಗಾಲದ ಡೈಆಕ್ಸೈಡ್ ಅನಿಲದ ಕೊಳವೆಗೆಂದು ಪಕ್ಕದ ಗೋಡೆಯನ್ನು ಕೊರೆದು, ಒಳಗೆ ಹುದುಗಿರುವ ಶೀತಕದ (ಫ್ರಿಜ್ಜನ್ನು ತಂಪಾಗಿಸುವ ಅನಿಲದ) ನಳಿಕೆಯನ್ನು ತೂತು ಮಾಡಿ ಫ್ರಿಜ್ಜನ್ನೇ ಕಳೆದುಕೊಳ್ಳುವುದು ಮೊದಲನೆಯದು. ಹೊಸದಾಗಿ ತುಂಬಿಸಿ ತಂದ 5 ಪೌಂಡಿನ ಅನಿಲ ಸಿಲಿಂಡರ್ ಎರಡೇ ದಿನಗಳಲ್ಲಿ ಬರಿದಾಗುವುದು ಎರಡನೆಯದು. ಎಲ್ಲವೂ ಸರಿಯಿದ್ದಂತೆ ಕಂಡರೂ ನಲ್ಲಿ ತೆರೆದಾಗ ಲೋಟದ ತುಂಬ ನೊರೆ ಮಾತ್ರ ಬರುವುದು ಮೂರನೆಯದು. ಈ ಮೂರರಲ್ಲಿ ಯಾವುದೂ ಕೈಕೆಲಸದ ಅನುಭವ ಸಾಲದೆ ಆಗುವ ತಪ್ಪಲ್ಲ. ಕೆಲಸಗಳ ಅನುಕ್ರಮ ತಪ್ಪುವುದರಿಂದ ಆಗುವಂಥದ್ದು. ಆದ್ದರಿಂದ ಕೆಳಗಿನ ಹಂತಗಳನ್ನು ದಯವಿಟ್ಟು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಡ್ರಿಲ್ ಕೈಗೆತ್ತಿಕೊಳ್ಳುವುದು ಆರನೆಯ ಹಂತದಲ್ಲಿ. ಅದಕ್ಕೆ ಮುಂಚೆ ಅಲ್ಲ.

ಕಾನೂನಿನ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಫೆಡರಲ್ ಕಾನೂನಿನಂತೆ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತಯಾರಿಸಬಹುದು, ಮಾರುವಂತಿಲ್ಲ. ರಾಜ್ಯದ ನಿಯಮಗಳನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಊರಿನಲ್ಲಿರುವ ಓದುಗರು ಇದೇ ವ್ಯವಸ್ಥೆಯನ್ನು ಸೋಡಾ ಅಥವಾ ತಣ್ಣನೆಯ ಕಾಫಿಗೆ ಬಳಸಿಕೊಳ್ಳಬಹುದು.

ಬೇಕಾಗುವ ಸಾಮಾನು

ಈ ಬರಹದಲ್ಲಿ ನಾನು ಲೆಕ್ಕಕ್ಕೆ ಹಿಡಿದಿರುವುದು 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುವ ಬಾಲ್ ಲಾಕ್ ಕಾರ್ನಿ ಕೆಗ್ಗನ್ನು. ಅದು ಸುಮಾರು 25 ಇಂಚು ಎತ್ತರ, 8.5 ಇಂಚು ಅಗಲವಿರುತ್ತದೆ. ಬಾಲ್ ಲಾಕ್, ಪಿನ್ ಲಾಕ್ ಎಂದರೆ ಕೊಳವೆಯ ಕನೆಕ್ಟರ್ ಕೆಗ್ಗಿಗೆ ಕೂರುವ ಎರಡು ಬಗೆ. ಪಿನ್ ಲಾಕ್ ಕೆಗ್ ಸ್ವಲ್ಪ ಗಿಡ್ಡ, ಆದರೆ ಅರ್ಧ ಇಂಚು ದಪ್ಪ. ಆ ಅರ್ಧ ಇಂಚೇ ಎಷ್ಟೋ ಸಲ ಬಾಗಿಲು ಮುಚ್ಚದಂತೆ ಮಾಡುತ್ತದೆ. ಎರಡು ಬಗೆಯನ್ನು ಬೆರೆಸಿ ಕೊಳ್ಳಬೇಡಿ, ಒಂದರ ಜೋಡಣೆ ಇನ್ನೊಂದಕ್ಕೆ ಕೂರುವುದಿಲ್ಲ.

ಕೆಗ್‌ಗಳ ಜೊತೆಗೆ 5 ಪೌಂಡಿನ ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ಅನಿಲದ ಒತ್ತಡವನ್ನು ಹದಕ್ಕೆ ಇಳಿಸುವ, ಎರಡು ಮಾಪಕಗಳಿರುವ ರೆಗ್ಯುಲೇಟರ್, 5/16 ಇಂಚು ಒಳವ್ಯಾಸದ ಅನಿಲ ಕೊಳವೆ, 3/16 ಇಂಚು ಒಳವ್ಯಾಸದ ಬಿಯರ್ ಕೊಳವೆ, ಕೊಳವೆಗಳನ್ನು ಬಿಗಿಯುವ ಕ್ಲ್ಯಾಂಪುಗಳು, ಪ್ರತಿ ಕೆಗ್ಗಿಗೂ ಒಂದು ಅನಿಲದ ಮತ್ತು ಒಂದು ಬಿಯರಿನ ಕನೆಕ್ಟರ್, ನಲ್ಲಿ ಮತ್ತು ಬಾಗಿಲನ್ನು ದಾಟಿ ಹೋಗಿ ನಲ್ಲಿಯನ್ನು ಹಿಡಿಯುವ ಲೋಹದ ನಳಿಕೆ, ಅಂದರೆ ಶ್ಯಾಂಕ್ ಬೇಕು. ಶ್ಯಾಂಕ್ ಮತ್ತು ನಲ್ಲಿ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಲಿ. ಕ್ರೋಮ್ ಲೇಪನದ ಹಿತ್ತಾಳೆ ಅಗ್ಗವಾಗಿ ಸಿಗುತ್ತದೆ, ಆದರೆ ಲೇಪನ ಸವೆದ ಮೇಲೆ ಬಿಯರಿಗೆ ಲೋಹದ ರುಚಿ ಹತ್ತುತ್ತದೆ. ಬೇರೆಲ್ಲಿ ಹಣ ಉಳಿಸಿದರೂ ರೆಗ್ಯುಲೇಟರ್ ಮತ್ತು ನಲ್ಲಿಯಲ್ಲಿ ಉಳಿಸಬೇಡಿ.

ಉಪಕರಣಗಳಲ್ಲಿ ಡ್ರಿಲ್, 1 ಇಂಚಿನ ಬೈಮೆಟಲ್ ಹೋಲ್ ಸಾ (ಡ್ರಿಲ್ಲಿಗೆ ಸಿಕ್ಕಿಸಿ ದುಂಡು ರಂಧ್ರ ಕೊರೆಯುವ ಗರಗಸ), ಅರ (ಲೋಹ ಉಜ್ಜುವ ಫೈಲ್), ಹೊಂದಿಸಬಹುದಾದ ಸ್ಪ್ಯಾನರ್, ಅಳತೆ ಪಟ್ಟಿ, ಥರ್ಮಾಮೀಟರ್, ಸಾಬೂನು ನೀರು ತುಂಬಿದ ಸ್ಪ್ರೇ ಬಾಟಲಿ ಇಷ್ಟು ಸಾಕು.

ಹಂತ 1: ಸರಿಯಾದ ಫ್ರಿಜ್ಜನ್ನು ಆರಿಸುವುದು

ಮೇಲೆ ಫ್ರೀಜರ್, ಕೆಳಗೆ ಫ್ರಿಜ್ ಇರುವ ಸಾಮಾನ್ಯ ಎರಡು ಬಾಗಿಲಿನ ಫ್ರಿಜ್ಜೇ ಈ ಕೆಲಸಕ್ಕೆ ಅತ್ಯುತ್ತಮ. ಅಕ್ಕಪಕ್ಕ ಬಾಗಿಲುಗಳಿರುವ ಮಾದರಿಯಲ್ಲಿ ಒಳಗಿನ ಅಗಲ ಸಾಲುವುದಿಲ್ಲ. ಬಾಗಿಲಿನಲ್ಲೇ ನೀರು ಮತ್ತು ಐಸ್ ಕೊಡುವ ಮಾದರಿಗಳ ಬಾಗಿಲೊಳಗೆ ತಂತಿ, ಪೈಪುಗಳಿರುವುದರಿಂದ ಅಲ್ಲಿ ಕೊರೆಯುವುದು ಅಪಾಯ.

ಫ್ರಿಜ್ಜಿನ ಒಳಗೋಡೆಯಲ್ಲೋ ಹಿಂಬದಿಯಲ್ಲೋ ಒಂದು ವಿವರಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ಶೀತಕದ ಹೆಸರಿರುತ್ತದೆ. ಆರ್-134ಎ ಎಂದಿದ್ದರೆ ಅದು ಹೊತ್ತಿಕೊಳ್ಳುವ ಅನಿಲವಲ್ಲ. ಆರ್-600ಎ ಎಂದಿದ್ದರೆ ಅದು ಐಸೊಬ್ಯೂಟೇನ್, ಬೆಂಕಿ ಹೊತ್ತಿಕೊಳ್ಳುವಂಥದ್ದು. ಆರ್-600ಎ ಇರುವ ಫ್ರಿಜ್ಜಿನಲ್ಲಿ ಬಾಗಿಲನ್ನು ಬಿಟ್ಟು ಬೇರೆಲ್ಲೂ ಕೊರೆಯಬಾರದು ಎಂಬುದನ್ನು ನಾನು ಸಲಹೆಯಾಗಿ ಅಲ್ಲ, ನಿಷೇಧವಾಗಿಯೇ ಹೇಳುತ್ತಿದ್ದೇನೆ.

ಅಜ್ಜನ ಕಾಲದ, ಹೊರಗಿನಿಂದ ಚಿಲಕ ಬೀಳುವ ಫ್ರಿಜ್ ಚೆಂದ ಕಾಣುತ್ತದೆಂದು ಕೆಲವರು ಹುಡುಕಿ ತರುತ್ತಾರೆ. ಒಳಗೆ ಸಿಕ್ಕಿಕೊಂಡ ಮಕ್ಕಳು ಉಸಿರುಗಟ್ಟಿ ಸತ್ತ ಪ್ರಕರಣಗಳಿಂದಾಗಿ ಅಮೆರಿಕದಲ್ಲಿ 1956ರಲ್ಲಿ ಕಾಯ್ದೆಯೊಂದು ಬಂದು, 1958ರ ಅಕ್ಟೋಬರ್ ಕೊನೆಯಿಂದ ತಯಾರಾದ ಫ್ರಿಜ್ಜುಗಳ ಬಾಗಿಲನ್ನು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಕಡ್ಡಾಯವಾಯಿತು. ಅದಕ್ಕಿಂತ ಹಳೆಯದು ನಿಮ್ಮ ಕೈಗೆ ಬಂದರೆ, ಮನೆಗೆ ತಂದ ದಿನವೇ, ಬೇರೆ ಯಾವ ಕೆಲಸಕ್ಕೂ ಮೊದಲು, ಚಿಲಕವನ್ನು ಕಳಚಿ ತೆಗೆಯಿರಿ. ಕಪಾಟುಗಳನ್ನು ತೆಗೆದ ಯಾವುದೇ ಫ್ರಿಜ್ಜಿನೊಳಗೆ ಒಂದು ಮಗು ಸುಲಭವಾಗಿ ಹಿಡಿಸುತ್ತದೆ ಎಂಬುದು ಕೆಲಸ ನಡೆಯುವ ಅಷ್ಟೂ ದಿನ ನೆನಪಿರಲಿ.

ಹಂತ 2: ಎರಡು ದಿನ ಖಾಲಿ ಓಡಿಸಿ ನೋಡುವುದು

ಅಡ್ಡ ಮಲಗಿಸಿ ತಂದಿದ್ದರೆ, ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಲು ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನೆಟ್ಟಗೆ ನಿಲ್ಲಿಸಿ, ಆಮೇಲೆ ಪ್ಲಗ್ ಹಾಕಿ. ಒಳಗೆ ಒಂದು ಲೋಟ ನೀರಿಟ್ಟು ಅದರಲ್ಲಿ ಥರ್ಮಾಮೀಟರ್ ಮುಳುಗಿಸಿಡಿ. ಬಾಗಿಲು ತೆರೆದಾಗ ಗಾಳಿಯ ಉಷ್ಣತೆ ಕ್ಷಣದಲ್ಲಿ ಬದಲಾಗುತ್ತದೆ, ನೀರಿನದು ಬದಲಾಗುವುದಿಲ್ಲ. 24 ಗಂಟೆಗಳಲ್ಲಿ ಆ ನೀರು 38 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 3 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯದಿದ್ದರೆ ಆ ಫ್ರಿಜ್ಜಿನ ಮೇಲೆ ಇನ್ನೊಂದು ಡಾಲರನ್ನೂ ಹಾಕಬೇಡಿ.

ಎಚ್ಚರಿಕೆಯ ಲಕ್ಷಣಗಳು ಇವು: ಕಂಪ್ರೆಸರ್ ಕೆಲವು ನಿಮಿಷಗಳಿಗೊಮ್ಮೆ ಟಕ್ ಎಂದು ಗುಂಯ್‌ಗುಟ್ಟಿ ಮತ್ತೆ ನಿಂತುಬಿಡುವುದು, ಒಮ್ಮೆಯೂ ನಿಲ್ಲದೆ ಓಡುತ್ತಲೇ ಇರುವುದು, ಕಂಪ್ರೆಸರಿನ ಕೆಳಗೆ ಎಣ್ಣೆಯ ಕಲೆ, ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟುವುದು. ಮೊದಲನೆಯದು ಹಲವು ಸಲ ಕಂಪ್ರೆಸರನ್ನು ಚಾಲೂ ಮಾಡುವ ಸ್ಟಾರ್ಟ್ ರಿಲೇಯ ದೋಷವಾಗಿದ್ದು ಸುಲಭವಾಗಿ ಸರಿಹೋಗುತ್ತದೆ. ಕೊನೆಯದು ಶೀತಕ ಸೋರಿದೆ ಎಂಬುದರ ಸೂಚನೆ, ಅದಕ್ಕೆ ದುಡ್ಡು ಸುರಿಯುವುದು ವ್ಯರ್ಥ.

ಬಾಗಿಲಿನ ರಬ್ಬರ್ ಪಟ್ಟಿಯನ್ನೂ ಈಗಲೇ ಪರೀಕ್ಷಿಸಿ. ಒಂದು ನೋಟನ್ನು ಪಟ್ಟಿಯ ನಡುವೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದಾಗ ಬಿಗಿ ಹಿಡಿತ ಕೈಗೆ ತಿಳಿಯಬೇಕು, ನಾಲ್ಕೂ ಬದಿಯಲ್ಲಿ. ಪ್ಲಗ್‌ಗೆ ಸಿಕ್ಕಿಸುವ ವಿದ್ಯುತ್ ಮೀಟರ್ ಇದ್ದರೆ ಎರಡನೆಯ ದಿನದ ಬಳಕೆಯನ್ನು ಬರೆದುಕೊಳ್ಳಿ. ದಿನಕ್ಕೆ 3 ಯೂನಿಟ್ ದಾಟಿದರೆ, ಬಿಟ್ಟಿ ಸಿಕ್ಕ ಫ್ರಿಜ್ಜೂ ವರ್ಷ ತುಂಬುವುದರೊಳಗೆ ದುಬಾರಿಯಾಗುತ್ತದೆ ಎಂಬುದು ನನ್ನ ಲೆಕ್ಕ.

ಹಂತ 3: ರಟ್ಟಿನ ಕೆಗ್ ಮಾಡಿ ಅಳೆಯುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಅಳತೆ ಪಟ್ಟಿ ಹಿಡಿದು ಒಳಗಿನ ಅಗಲ ಬರೆದುಕೊಂಡರೆ ಸಾಲದು, ಏಕೆಂದರೆ ಫ್ರಿಜ್ಜಿನ ಒಳಗೆ ಕೆಳಗಡೆ ಹಿಂದೆ ಕಂಪ್ರೆಸರಿನ ಜಾಗಕ್ಕಾಗಿ ಒಂದು ಗೂನು ಇರುತ್ತದೆ, ಬಾಗಿಲಿನ ಒಳಮೈ ಒಳಕ್ಕೆ ಉಬ್ಬಿರುತ್ತದೆ, ಗೋಡೆಗಳು ಕೆಳಗೆ ಬರುತ್ತ ಕಿರಿದಾಗುತ್ತವೆ. ರಟ್ಟಿನಲ್ಲಿ 8.5 ಇಂಚು ಅಗಲದ ಬಿಲ್ಲೆಗಳನ್ನು ಕತ್ತರಿಸಿ ನೆಲದ ಮೇಲಿಟ್ಟು ನೋಡಿ. ಎತ್ತರಕ್ಕೆ 25 ಇಂಚಿನ ಜೊತೆಗೆ ಕನೆಕ್ಟರ್ ಮತ್ತು ಬಾಗುವ ಕೊಳವೆಗಾಗಿ ಇನ್ನೂ ಮೂರು ನಾಲ್ಕು ಇಂಚು ಸೇರಿಸಿ. ನಿಜವಾದ ಖಾಲಿ ಕೆಗ್ಗುಗಳೇ ಇದ್ದರೆ ಅವನ್ನೇ ಇಟ್ಟು ಬಾಗಿಲು ಮುಚ್ಚಿ ನೋಡುವುದು ಇನ್ನೂ ಒಳ್ಳೆಯದು.

ಎರಡು ಕೆಗ್ಗುಗಳು ಮಧ್ಯಮ ಗಾತ್ರದ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ ಹಿಡಿಸುತ್ತವೆ. ಮೂರನೆಯದು ಹಿಡಿಸುವುದೋ ಇಲ್ಲವೋ ಎಂಬುದನ್ನು ಗೂನು ನಿರ್ಧರಿಸುತ್ತದೆ. ಸಿಲಿಂಡರಿಗೆ ಗೂನಿನ ಮೇಲಿನ ಜಾಗವನ್ನೇ ಮೀಸಲಿಡಿ. ಸಿಲಿಂಡರನ್ನು ಹೊರಗಿಟ್ಟರೆ ಇನ್ನೊಂದು ಕೆಗ್ಗಿಗೆ ಜಾಗವಾಗುತ್ತದೆಂಬುದು ನಿಜವಾದರೂ, ಅದಕ್ಕಾಗಿ ಗೋಡೆಯನ್ನು ಕೊರೆಯಬೇಕಾಗುತ್ತದೆ. ಮೊದಲ ಫ್ರಿಜ್ಜಿಗೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಹಂತ 4: ಒಳಭಾಗವನ್ನು ತೆರವು ಮಾಡಿ ನೆಲವನ್ನು ಗಟ್ಟಿ ಮಾಡುವುದು

ಪ್ಲಗ್ ತೆಗೆದು, ಗಾಜಿನ ಕಪಾಟು, ತರಕಾರಿ ಪೆಟ್ಟಿಗೆ, ಎಲ್ಲವನ್ನೂ ಹೊರತೆಗೆಯಿರಿ. ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಒಳಗೋಡೆಯನ್ನು ತೊಳೆದು, ಹಿಂಬದಿಯಲ್ಲಿ ಕೆಳಗಿರುವ ನೀರಿಳಿಯುವ ರಂಧ್ರವನ್ನೂ ಶುಚಿ ಮಾಡಿ. ಅದು ಕಟ್ಟಿಕೊಂಡಿದ್ದರೆ ಮುಂದೆ ಕೆಗ್ಗುಗಳ ಬುಡದಲ್ಲಿ ನೀರು ನಿಂತು ಬೂಸ್ಟು ಹಿಡಿಯುತ್ತದೆ.

ತುಂಬಿದ ಕೆಗ್ಗೊಂದು ಸುಮಾರು 50 ಪೌಂಡ್, ಅಂದರೆ 23 ಕಿಲೋ ತೂಗುತ್ತದೆ. ಎರಡಾದರೆ 46 ಕಿಲೋ, ಅದೂ ಕೆಗ್ಗಿನ ಕಿರಿದಾದ ಅಡಿಬಳೆಯ ಮೇಲೆ. ಫ್ರಿಜ್ಜಿನ ನೆಲವೆಂದರೆ ಫೋಮ್ ಮೇಲೆ ಹೊದಿಸಿದ ತೆಳು ಪ್ಲಾಸ್ಟಿಕ್, ಆ ಭಾರಕ್ಕೆ ಸೀಳಿಹೋಗುತ್ತದೆ. ಮುಕ್ಕಾಲು ಇಂಚಿನ ಪ್ಲೈವುಡ್ಡನ್ನು ನೆಲದ ಆಕಾರಕ್ಕೆ ಕತ್ತರಿಸಿ, ಅಂಚೂ ಸೇರಿದಂತೆ ಎಲ್ಲ ಕಡೆಗೂ ನೀರು ತಡೆಯುವ ಬಣ್ಣ ಬಳಿದು ಒಣಗಿಸಿ ಹಾಸಿ. ಸ್ಕ್ರೂ ಹಾಕಿ ನೆಲಕ್ಕೆ ಬಿಗಿಯುವ ಅಗತ್ಯವಿಲ್ಲ, ಬಿಗಿಯಲೂಬಾರದು.

ಹಂತ 5: ಬಾಗಿಲಿನ ಒಳಮೈ

ಬಾಗಿಲಿನ ಒಳಬದಿಯಲ್ಲಿರುವ ಬಾಟಲಿ ತಟ್ಟೆಗಳ ಉಬ್ಬು ಅಡ್ಡ ಬರದಿದ್ದರೆ ಅದನ್ನು ಮುಟ್ಟದೆ ಮುಂದಿನ ಹಂತಕ್ಕೆ ಹೋಗಿ. ಅಡ್ಡ ಬಂದರೆ ಕತ್ತರಿಸಬೇಕಾಗುತ್ತದೆ. ಆದರೆ ಒಳಮೈಯ ಅಂಚೇ ರಬ್ಬರ್ ಪಟ್ಟಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಮರೆತು ಇಡೀ ಒಳಮೈಯನ್ನೇ ಕಿತ್ತವರು ಬಾಗಿಲು ಮುಚ್ಚದೆ ಕಷ್ಟಪಟ್ಟಿದ್ದಾರೆ. ಪಟ್ಟಿಯಿಂದ ಒಳಗೆ ಕನಿಷ್ಠ ಒಂದೂವರೆ ಇಂಚು ಅಂಚನ್ನು ಉಳಿಸಿ, ನಡುವಿನ ಉಬ್ಬನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಫೋಮ್ ಕಿತ್ತುಹೋದಲ್ಲಿ ಗಟ್ಟಿ ಫೋಮ್ ಹಲಗೆಯ ತುಂಡನ್ನು ತುಂಬಿ, ಮೇಲೆ ಫೈಬರ್ ಹಾಳೆಯನ್ನು ಅಂಟಿಸಿ, ಸುತ್ತ ಸಿಲಿಕೋನ್ ಹಾಕಿ. ಸಿಲಿಕೋನ್ ಪೂರ್ತಿ ಒಣಗಲು ಒಂದು ದಿನ ಬಿಡಿ. ನೋಟಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಹಂತ 6: ಕೊರೆಯುವುದು

ಇದು ಹಿಂತಿರುಗಲಾಗದ ಹಂತ. ಬಾಗಿಲಿನಲ್ಲಿ ಶೀತಕದ ನಳಿಕೆಗಳಿರುವುದಿಲ್ಲ, ಆದ್ದರಿಂದ ನಲ್ಲಿಗೆ ಅದೇ ಸುರಕ್ಷಿತ ಜಾಗ. ಪಕ್ಕದ ಗೋಡೆಗಳ ಮಾತು ಬೇರೆ: ಶಾಖವನ್ನು ಹೊರಹಾಕುವ ನಳಿಕೆಗಳನ್ನು ಎಷ್ಟೋ ಮಾದರಿಗಳಲ್ಲಿ ಪಕ್ಕದ ತಗಡಿನ ಹಿಂದೆಯೇ ಅಂಟಿಸಿರುತ್ತಾರೆ. ಫ್ರಿಜ್ ಓಡುವಾಗ ಪಕ್ಕ ಬೆಚ್ಚಗಿರುವುದು ಅದಕ್ಕಾಗಿಯೇ. ಬಾಗಿಲು ಕೂರುವ ಚೌಕಟ್ಟಿನ ಸುತ್ತಲೂ ಬೆವರು ಕಟ್ಟದಿರಲೆಂದು ಇನ್ನೊಂದು ಬಿಸಿ ನಳಿಕೆ ಓಡಾಡಿರಬಹುದು. ನನ್ನ ಮೊದಲ ಫ್ರಿಜ್ಜನ್ನು ನಾನು ಕಳೆದುಕೊಂಡದ್ದು ಪಕ್ಕದ ಗೋಡೆಯಲ್ಲಿ ಅಳತೆ ಮಾಡದೆ ಕೊರೆದ ಕಾಲಿಂಚಿನ ಒಂದೇ ರಂಧ್ರದಿಂದ. ಬುಸ್ ಎಂಬ ಸದ್ದು ಒಂದು ನಿಮಿಷವೂ ಇರಲಿಲ್ಲ. ಅದಾದ ಮೇಲೆ ಆ ಪೆಟ್ಟಿಗೆ ಮತ್ತೆಂದೂ ತಣ್ಣಗಾಗಲಿಲ್ಲ.

ನಲ್ಲಿಯ ಜಾಗವನ್ನು ಗುರುತಿಸುವಾಗ ಹೊರಗಿನ ಅಂದಕ್ಕಿಂತ ಒಳಗಿನ ಅಳತೆ ಮುಖ್ಯ. ಶ್ಯಾಂಕಿನ ತುದಿ ಮತ್ತು ಅದಕ್ಕೆ ಬಿಗಿದ, ಕೊಳವೆಯನ್ನು ಸಿಕ್ಕಿಸುವ ಮೊಳೆಯಂಥ ತುದಿ ಸೇರಿ ಬಾಗಿಲಿನಿಂದ ಒಳಕ್ಕೆ ಮೂರು ನಾಲ್ಕು ಇಂಚು ಚಾಚಿಕೊಳ್ಳುತ್ತವೆ. ಅದು ಕೆಗ್ಗಿನ ತಲೆಗೆ ತಾಗಬಾರದು. ಆದ್ದರಿಂದ ರಂಧ್ರವು ಕೆಗ್ಗಿನ ಮೇಲಂಚಿಗಿಂತ ಎತ್ತರದಲ್ಲಿರಲಿ, ಇಲ್ಲವೇ ಎರಡು ಕೆಗ್ಗುಗಳ ನಡುವಿನ ಸಂದಿಗೆ ನೇರವಾಗಿ ಬರಲಿ. ಎರಡು ನಲ್ಲಿಗಳ ನಡುವೆ ಕನಿಷ್ಠ 4 ಇಂಚು ಬಿಡಿ. ನಲ್ಲಿಯ ಕೆಳಗೆ ನೀವು ಬಳಸುವ ಅತಿ ಎತ್ತರದ ಲೋಟವನ್ನು ಓರೆಯಾಗಿ ಹಿಡಿಯಲು ಜಾಗವಿದೆಯೇ ನೋಡಿ. ಬಾಗಿಲ ಹಿಡಿಕೆ ಯಾವ ಕಡೆ ಇದೆ ಎಂಬುದನ್ನೂ ಗಮನಿಸಿ.

ಪ್ಲಗ್ ತೆಗೆದಿರುವುದನ್ನು ಖಚಿತಪಡಿಸಿಕೊಂಡು, ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೊದಲು ಸಣ್ಣ ಬಿಟ್‌ನಿಂದ ಹೊರತಗಡನ್ನು ಮಾತ್ರ ತೂತು ಮಾಡಿ. ಆಮೇಲೆ ಹೋಲ್ ಸಾ ಹಾಕಿ ನಿಧಾನ ವೇಗದಲ್ಲಿ ತಗಡು ದಾಟುವವರೆಗೆ ಕೊರೆದು ನಿಲ್ಲಿಸಿ. ಫೋಮನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕೆದಕಿ, ಒಳಗೆ ತಂತಿ ಇಲ್ಲವೆಂದು ನೋಡಿದ ಮೇಲೆ ಒಳಮೈಯನ್ನು ಕೊರೆಯಿರಿ. ತಗಡಿನ ಅಂಚನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿ. ಶ್ಯಾಂಕಿನ ನಟ್ಟನ್ನು ಜೋರಾಗಿ ಬಿಗಿದರೆ ಫೋಮ್ ಅಮುಕಿಕೊಂಡು ಬಾಗಿಲಿನ ತಗಡು ತಗ್ಗು ಬೀಳುತ್ತದೆ, ನಲ್ಲಿಯೂ ಕೆಲವೇ ವಾರಗಳಲ್ಲಿ ಅಲ್ಲಾಡತೊಡಗುತ್ತದೆ. ಬಾಗಿಲಿನ ದಪ್ಪಕ್ಕೆ ಸರಿಯಾಗಿ ಕತ್ತರಿಸಿದ ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ರಂಧ್ರದೊಳಗೆ ಕೂರಿಸಿದರೆ, ಅದೇ ಆ ಒತ್ತಡವನ್ನು ಹೊರುತ್ತದೆ. ಅದಕ್ಕೆ ತಕ್ಕಂತೆ ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಬೇಕಾಗಬಹುದು.

ಕೊರೆಯುವಾಗ ಎಲ್ಲಾದರೂ ಬುಸುಗುಟ್ಟುವ ಸದ್ದು ಬಂದರೆ ಡ್ರಿಲ್ ನಿಲ್ಲಿಸಿ, ಯಾವ ಸ್ವಿಚ್ಚನ್ನೂ ಮುಟ್ಟದೆ, ಬಾಗಿಲು ಕಿಟಕಿಗಳನ್ನು ತೆರೆದು ಹೊರಗೆ ಹೋಗಿ. ಆರ್-134ಎಯಂಥ ಶೀತಕವನ್ನು ಬೇಕೆಂದೇ ಗಾಳಿಗೆ ಬಿಡುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧವೂ ಹೌದು.

ಹಂತ 7: ಅನಿಲದ ಜೋಡಣೆ

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಬೀಳದಂತೆ ಪಟ್ಟಿ ಕಟ್ಟಿರಬೇಕು. ಮಲಗಿಸಿದರೆ ದ್ರವರೂಪದ ಇಂಗಾಲದ ಡೈಆಕ್ಸೈಡ್ ರೆಗ್ಯುಲೇಟರಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ತುಂಬಿಸಿಕೊಂಡು ಬರುವಾಗ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಸಿಲಿಂಡರಿನ ಭುಜದ ಮೇಲೆ ಕೊನೆಯ ಒತ್ತಡ ಪರೀಕ್ಷೆಯ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದಕ್ಕೆ 5 ವರ್ಷ ಮೀರಿದ್ದರೆ ಮರುಪರೀಕ್ಷೆಯಾಗದೆ ತುಂಬಿಸಿಕೊಡುವುದಿಲ್ಲ. ಹಳೆಯ ಸಿಲಿಂಡರ್ ಕೊಳ್ಳುವ ಮುಂಚೆ ಆ ಅಚ್ಚನ್ನು ಓದಿ.

ಸಿಲಿಂಡರ್ ಮತ್ತು ರೆಗ್ಯುಲೇಟರಿನ ನಡುವೆ ಒಂದು ಚಪ್ಪಟೆ ವಾಷರ್ ಇರಲೇಬೇಕು. ಅಲ್ಲಿ ಸೋರಿಕೆ ತಡೆಯುವುದು ಆ ವಾಷರ್, ತಿರುಪಿನ ಮರೆಗಳು (ಸುರುಳಿ ಗೆರೆಗಳು) ಅಲ್ಲ. ಆದ್ದರಿಂದ ಆ ಮರೆಗೆ ಟೆಫ್ಲಾನ್ ಟೇಪ್ ಸುತ್ತಬಾರದು. ರೆಗ್ಯುಲೇಟರಿನ ಒತ್ತಡದ ತಿರುಪನ್ನು ಪೂರ್ತಿ ಸಡಿಲಿಸಿ, ಮಾಪಕದ ಎದುರಿಗೆ ಮುಖವಿಡದೆ ಪಕ್ಕಕ್ಕೆ ನಿಂತು, ಸಿಲಿಂಡರಿನ ಕವಾಟವನ್ನು ನಿಧಾನವಾಗಿ ತೆರೆಯಿರಿ. ಆಮೇಲೆ ತಿರುಪನ್ನು ಬಿಗಿಯುತ್ತ ಬೇಕಾದ ಒತ್ತಡಕ್ಕೆ ತನ್ನಿ.

ದೊಡ್ಡ ಒತ್ತಡದ ಮಾಪಕವನ್ನು ನೋಡಿ ಅನಿಲ ಎಷ್ಟು ಉಳಿದಿದೆ ಎಂದು ತಿಳಿಯಲಾಗದು. ಒಳಗೆ ದ್ರವ ಇರುವವರೆಗೆ ಅದು ಉಷ್ಣತೆಯನ್ನಷ್ಟೇ ಅನುಸರಿಸುತ್ತದೆ. ಕೋಣೆಯಲ್ಲಿ 800 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ದಾಟಿ ತೋರಿಸುತ್ತಿದ್ದ ಮುಳ್ಳು ಫ್ರಿಜ್ಜಿನೊಳಗೆ ಇಟ್ಟ ಮೇಲೆ 500ರಿಂದ 550ರ ನಡುವೆ ನಿಲ್ಲುತ್ತದೆ. ಇದನ್ನು ಕಂಡು ಸೋರಿಕೆಯಾಗಿದೆ ಎಂದು ಗಾಬರಿಯಾದವರು ಬಹಳ. ಉಳಿದಿರುವುದನ್ನು ತಿಳಿಯಲು ಸಿಲಿಂಡರನ್ನು ತೂಗಿ, ಅದರ ಮೇಲೆ ಅಚ್ಚಾಗಿರುವ ಖಾಲಿ ತೂಕವನ್ನು ಕಳೆಯಿರಿ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತು. 5 ಪೌಂಡ್ ದ್ರವ ಹೊರಬಂದರೆ ಸುಮಾರು 1,200 ಲೀಟರ್ ಅನಿಲವಾಗುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 2.5 ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯ ಶೇ 4ರಷ್ಟಾಗುತ್ತದೆ. ಕೆಲಸದ ಸ್ಥಳಗಳ ಸುರಕ್ಷತೆಯ ಲೆಕ್ಕದಲ್ಲಿ ಅದು ಜೀವಕ್ಕೆ ಕೂಡಲೇ ಅಪಾಯವೆಂದು ಹೇಳಿರುವ ಮಟ್ಟ. ಈ ಅನಿಲಕ್ಕೆ ವಾಸನೆಯಿಲ್ಲ, ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಮಲಗುವ ಕೋಣೆಯಲ್ಲಿ ಇಂಥ ಫ್ರಿಜ್ ಬೇಡವೇ ಬೇಡ. ನೆಲಮಾಳಿಗೆಯಲ್ಲಿ ಇಡುವುದಾದರೆ ಇಂಗಾಲದ ಡೈಆಕ್ಸೈಡ್ ಅಳೆಯುವ ಎಚ್ಚರಿಕೆ ಗಂಟೆಯನ್ನು ನೆಲಕ್ಕೆ ಹತ್ತಿರದಲ್ಲಿ ಹಾಕಿ. ಕಾರ್ಬನ್ ಮೊನಾಕ್ಸೈಡ್ ಗಂಟೆ ಬೇರೆ. ಅದು ಇದನ್ನು ಗುರುತಿಸುವುದಿಲ್ಲ.

ಹಂತ 8: ಬಿಯರ್ ತುಂಬುವ ಮುನ್ನ ಸೋರಿಕೆ ಪರೀಕ್ಷೆ

ಒಂದು ಕೆಗ್ ಬಿಯರಿಗೆ ಅನಿಲ ಹಿಡಿಸಿ, ಅದನ್ನು ಕೊನೆಯ ಲೋಟದವರೆಗೂ ಹೊರತಳ್ಳಲು ಲೆಕ್ಕದ ಪ್ರಕಾರ ಬೇಕಾಗುವುದು ಸುಮಾರು 160 ಗ್ರಾಂ ಅನಿಲ. ಹಾಗಾಗಿ 2,270 ಗ್ರಾಂ ಹಿಡಿಯುವ ಸಿಲಿಂಡರ್ ಮೊದಲ ಕೆಗ್ ಮುಗಿಯುವ ಮುಂಚೆಯೇ ಬರಿದಾದರೆ ಅದು ಖರ್ಚಾಗಿಲ್ಲ, ಸೋರಿದೆ.

ಫ್ರಿಜ್ಜಿನ ಪ್ಲಗ್ ತೆಗೆದು, ಎಲ್ಲವೂ ಕೋಣೆಯ ಉಷ್ಣತೆಯಲ್ಲಿರುವಾಗ, ಖಾಲಿ ಕೆಗ್ಗುಗಳನ್ನು ಜೋಡಿಸಿ ಒತ್ತಡವನ್ನು 30 ಪಿಎಸ್‌ಐಗೆ ಏರಿಸಿ. ಕೆಗ್ಗಿನ ಮುಚ್ಚಳ ಸರಿಯಾಗಿ ಕೂರುವುದೂ ಇಷ್ಟು ಒತ್ತಡ ಬಿದ್ದ ಮೇಲೆಯೇ. ಸಾಬೂನು ನೀರನ್ನು ಪ್ರತಿಯೊಂದು ಜೋಡಣೆಗೂ ಚಿಮುಕಿಸಿ: ರೆಗ್ಯುಲೇಟರಿನ ದೊಡ್ಡ ನಟ್, ಕ್ಲ್ಯಾಂಪುಗಳು, ಕವಲು ಕೊಳವೆ, ಕನೆಕ್ಟರ್, ಕೆಗ್ಗಿನ ಎರಡು ಮೂತಿಗಳು, ಮುಚ್ಚಳದ ಸುತ್ತ, ಒತ್ತಡ ಬಿಡುವ ಕವಾಟ. ಗುಳ್ಳೆ ಎದ್ದಲ್ಲಿ ಸರಿಪಡಿಸಿ. ಅನಂತರ ಸಿಲಿಂಡರಿನ ಕವಾಟವನ್ನು ಮುಚ್ಚಿ, ಎರಡೂ ಮಾಪಕಗಳ ಮುಳ್ಳಿನ ಜಾಗವನ್ನು ಬರೆದಿಟ್ಟು 12 ಗಂಟೆ ಬಿಡಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಕೆಗ್ಗುಗಳನ್ನು ಬಿಡಿಸಿ ಬರಿ ಕೊಳವೆಗಳನ್ನು ಮಾತ್ರ ಪರೀಕ್ಷಿಸಿ. ಹೀಗೆ ಒಂದೊಂದೇ ಭಾಗವನ್ನು ಬೇರ್ಪಡಿಸುತ್ತ ಬಂದರೆ ಜಾಗ ಸಿಗುತ್ತದೆ. ಹಳೆಯ ಕೆಗ್ ಕೊಂಡಿದ್ದರೆ ಎಲ್ಲ ರಬ್ಬರ್ ಉಂಗುರಗಳನ್ನೂ ಮೊದಲೇ ಬದಲಾಯಿಸಿ, ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸ್ ಸವರಿ.

ಬಿಯರ್ ತುಂಬಿದ ಮೇಲೆ ಈ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ತಣ್ಣನೆಯ ಬಿಯರ್ ಅನಿಲವನ್ನು ಹೀರಿಕೊಳ್ಳುವುದರಿಂದ ಸೋರಿಕೆ ಇಲ್ಲದಿದ್ದರೂ ಮುಳ್ಳು ಇಳಿಯುತ್ತದೆ.

ಹಂತ 9: ಉಷ್ಣತೆ

ಮೊದಲು ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟಿನಿಂದಲೇ 38 ಡಿಗ್ರಿ ಫ್ಯಾರನ್‌ಹೀಟ್ ಬರುತ್ತದೆಯೇ ನೋಡಿ. ಹೆಚ್ಚಿನ ಫ್ರಿಜ್ಜುಗಳಲ್ಲಿ ಬರುತ್ತದೆ, ಆಗ ಹೊರಗಿನ ನಿಯಂತ್ರಕ ಬೇಕಿಲ್ಲ. ಬಾರದಿದ್ದರೆ ಪ್ಲಗ್‌ಗೆ ಸಿಕ್ಕಿಸುವ ನಿಯಂತ್ರಕ ಹಾಕಿ, 2 ಡಿಗ್ರಿ ಅಂತರ ಮತ್ತು ಕಂಪ್ರೆಸರಿಗೆ ಕನಿಷ್ಠ 3 ನಿಮಿಷದ ವಿಳಂಬವನ್ನು ಹೊಂದಿಸಿ. ಅದರ ಸಂವೇದಕವನ್ನು ಗಾಳಿಯಲ್ಲಿ ತೂಗುಬಿಡದೆ ಕೆಗ್ಗಿನ ಪಕ್ಕಕ್ಕೆ ಟೇಪ್ ಹಾಕಿ ಅಂಟಿಸಿ, ಮೇಲೆ ಫೋಮಿನ ತುಂಡು ಮುಚ್ಚಿ. ಹೊರಗಿನ ನಿಯಂತ್ರಕ ಇಡೀ ಫ್ರಿಜ್ಜಿನ ವಿದ್ಯುತ್ತನ್ನೇ ಕಡಿಯುವುದರಿಂದ ಮೇಲಿನ ಫ್ರೀಜರಿನಲ್ಲಿ ಮಾಂಸ, ಐಸ್‌ಕ್ರೀಮ್ ಇಡುವ ಆಸೆಯನ್ನು ಬಿಡಬೇಕು.

ಗರಾಜಿನಲ್ಲಿ ಇಡುವವರಿಗೆ ಚಳಿಗಾಲದ ಸಮಸ್ಯೆ ಬೇಸಿಗೆಯದಕ್ಕಿಂತ ದೊಡ್ಡದು. ಸುತ್ತಲಿನ ಗಾಳಿಯೇ ತಣ್ಣಗಾದಾಗ ಕಂಪ್ರೆಸರ್ ಓಡುವುದಿಲ್ಲ, ಆದರೆ ಬಿಯರ್ ತಣ್ಣಗಾಗುತ್ತಲೇ ಹೋಗುತ್ತದೆ. ಶೇ 5ರಷ್ಟು ಮದ್ಯವಿರುವ ಬಿಯರ್ ಸುಮಾರು 28 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಮಿನೆಸೋಟ, ಮಿಷಿಗನ್ ಕಡೆಯವರು ಎರಡು ಸಾಕೆಟ್ಟಿನ ನಿಯಂತ್ರಕ ಕೊಂಡು, ಬಿಸಿಯ ಸಾಕೆಟ್ಟಿಗೆ ಕಡಿಮೆ ವ್ಯಾಟಿನ ಹೀಟಿಂಗ್ ಪಟ್ಟಿಯನ್ನು ಜೋಡಿಸಿಕೊಳ್ಳುವುದು ಒಳ್ಳೆಯದು.

ಹಂತ 10: ಬಿಯರ್ ಕೊಳವೆಯ ಉದ್ದ ಮತ್ತು ಮೊದಲ ಕೆಗ್

ನೊರೆಯ ದೂರುಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣ ಗಿಡ್ಡ ಕೊಳವೆ. ಕೆಗ್ಗಿನೊಳಗಿನ 12 ಪಿಎಸ್‌ಐ ಒತ್ತಡವು ಕೊಳವೆಯ ಘರ್ಷಣೆಯಲ್ಲಿ ಮೆಲ್ಲಗೆ ಕರಗಿ, ನಲ್ಲಿ ತಲುಪುವ ಹೊತ್ತಿಗೆ ಬಹುತೇಕ ಇಲ್ಲವಾಗಬೇಕು. ಬಾಗಿಲು ಕೆಗ್ಗಿನಿಂದ ಎರಡೇ ಅಡಿ ದೂರವಿದೆಯೆಂದು ಮೂರಡಿ ಕೊಳವೆ ಹಾಕಿದರೆ ಆ ಒತ್ತಡ ನಲ್ಲಿಯ ಬಾಯಲ್ಲೇ ಸಿಡಿದು ನೊರೆಯಾಗುತ್ತದೆ. 3/16 ಇಂಚಿನ ಕೊಳವೆಯನ್ನು 10ರಿಂದ 12 ಅಡಿ ಹಾಕಿ, ಸುರುಳಿ ಸುತ್ತಿ ಕೆಗ್ಗಿನ ತಲೆಯ ಮೇಲಿಡಿ. ಬಿಯರ್ ತೀರ ನಿಧಾನವಾಗಿ ಬಂದರೆ ಅರ್ಧರ್ಧ ಅಡಿ ಕತ್ತರಿಸುತ್ತ ಹೋಗಬಹುದು. ತುದಿಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಮೊಳೆಯ ಮೇಲೆ ಸುಲಭವಾಗಿ ಏರುತ್ತದೆ.

ಕೆಗ್ ಮತ್ತು ಕೊಳವೆಗಳನ್ನು ತೊಳೆದು ಸೋಂಕು ನಿವಾರಕ ದ್ರಾವಣ ಹಾಯಿಸಿ, ಬಿಯರನ್ನು ಚಿಮ್ಮದಂತೆ ತಳದಿಂದ ತುಂಬಿಸಿ. ಮುಚ್ಚಳ ಹಾಕಿ ಅನಿಲ ಬಿಟ್ಟು, ಒತ್ತಡದ ಕವಾಟವನ್ನು ಎಳೆದು ಹೊರಬಿಡುವುದನ್ನು ನಾಲ್ಕೈದು ಸಲ ಮಾಡಿದರೆ ಒಳಗಿನ ಆಮ್ಲಜನಕದ ಬಹುಪಾಲು ಹೋಗುತ್ತದೆ. ಅನಿಲದ ಕನೆಕ್ಟರ್ ಬೂದು, ಬಿಯರಿನದು ಕಪ್ಪು. ಅದಲುಬದಲು ಮಾಡಿ ಒತ್ತಿ ಕೂರಿಸಿದರೆ ತೆಗೆಯಲು ಬಾರದಂತೆ ಸಿಕ್ಕಿಕೊಳ್ಳುತ್ತದೆ. ಬಲ ಹಾಕಬೇಕೆನಿಸಿದರೆ ಅದು ತಪ್ಪು ಮೂತಿ ಎಂದೇ ತಿಳಿಯಿರಿ.

38 ಡಿಗ್ರಿಯಲ್ಲಿ 12 ಪಿಎಸ್‌ಐಗೆ ಬಿಟ್ಟರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬಿಯರ್ ತನ್ನ ಗಾತ್ರದ ಸುಮಾರು ಎರಡೂವರೆ ಪಟ್ಟು ಅನಿಲ ಹಿಡಿದು ಹದಕ್ಕೆ ಬರುತ್ತದೆ. 30 ಪಿಎಸ್‌ಐನಲ್ಲಿ ಒಂದೂವರೆ ದಿನಕ್ಕೇ ಮುಗಿಸುವ ಮಾರ್ಗವೂ ಇದೆ, ಆದರೆ ಮರೆತು ಇನ್ನೊಂದು ದಿನ ಬಿಟ್ಟರೆ ಅತಿಯಾದ ಅನಿಲವನ್ನು ಹೊರಹಾಕುವಷ್ಟರಲ್ಲಿ ಉಳಿಸಿದ ಸಮಯವೆಲ್ಲ ಹೋಗಿರುತ್ತದೆ. ಮೊದಲ ಕೆಗ್ಗಿಗೆ ಕಾಯುವ ಮಾರ್ಗವೇ ಇರಲಿ. ಡೆನ್ವರಿನಂಥ ಎತ್ತರದ ಊರಿನವರು ಪ್ರತಿ 2,000 ಅಡಿಗೆ 1 ಪಿಎಸ್‌ಐ ಸೇರಿಸಿಕೊಳ್ಳಬೇಕು.

ಹಂತ 11: ನೊರೆ ಬಂದರೆ ಹುಡುಕುವ ಕ್ರಮ

ಒತ್ತಡದ ತಿರುಪನ್ನು ಮುಟ್ಟುವ ಮುಂಚೆ ಯಾವ ಲೋಟದಲ್ಲಿ ನೊರೆ ಬರುತ್ತದೆಂದು ಗಮನಿಸಿ. ಮೊದಲ ಲೋಟ ಮಾತ್ರ ನೊರೆಯಾಗಿ ಎರಡನೆಯದು ಸರಿ ಬಂದರೆ, ಬಾಗಿಲಿನಲ್ಲಿರುವ ಶ್ಯಾಂಕ್ ಮತ್ತು ಮೇಲಿನ ಕೊಳವೆ ಬೆಚ್ಚಗಿವೆ ಎಂದರ್ಥ. ಕಂಪ್ಯೂಟರಿಗೆ ಹಾಕುವ 12 ವೋಲ್ಟಿನ ಸಣ್ಣ ಫ್ಯಾನನ್ನು ಒಳಗಿಟ್ಟು ಕೆಳಗಿನ ತಂಪು ಗಾಳಿಯನ್ನು ಮೇಲಕ್ಕೆ ಹಾಯಿಸಿದರೆ ಸರಿಹೋಗುತ್ತದೆ. ಎಲ್ಲ ಲೋಟಗಳಲ್ಲೂ ನೊರೆ ಬಂದರೆ ಕೊಳವೆ ಗಿಡ್ಡವಾಗಿದೆ, ಇಲ್ಲವೇ ಬಿಯರಿಗೆ ಅನಿಲ ಹೆಚ್ಚಾಗಿದೆ. ಕೊಳವೆಯಲ್ಲಿ ಕೆಗ್ಗಿನ ಕಡೆಯಿಂದಲೇ ಗುಳ್ಳೆಗಳು ಏಳುತ್ತಿದ್ದರೆ ಬಿಯರ್ ಮೂತಿಯ ಒಳಗಿರುವ ಸಣ್ಣ ರಬ್ಬರ್ ಉಂಗುರ ಸೀಳಿದೆ. ನಲ್ಲಿಯನ್ನು ಅರ್ಧ ತೆರೆದು ಹಿಡಿಯುವ ಅಭ್ಯಾಸವೂ ನೊರೆಗೆ ಕಾರಣ. ನಲ್ಲಿಯನ್ನು ಒಮ್ಮೆಲೇ ಪೂರ್ತಿ ತೆರೆಯಬೇಕು.

ಒತ್ತಡವನ್ನು ಇಳಿಸಿದರೆ ನೊರೆ ಆ ದಿನಕ್ಕೆ ಕಡಿಮೆಯಾದಂತೆ ಕಾಣುತ್ತದೆ. ಆದರೆ ವಾರದೊಳಗೆ ಬಿಯರಿನಿಂದ ಅನಿಲ ಹೊರಬಂದು, ಕೊಳವೆಯಲ್ಲಿ ಗುಳ್ಳೆಗಟ್ಟಿ, ನೊರೆ ಮೊದಲಿಗಿಂತ ಹೆಚ್ಚುತ್ತದೆ, ಲೋಟದೊಳಗಿನ ಬಿಯರ್ ಮಾತ್ರ ಸಪ್ಪೆಯಾಗುತ್ತದೆ.

ಹಂತ 12: ಶುಚಿ ಮತ್ತು ವಾಡಿಕೆಯ ತಪಾಸಣೆ

ಬಿಯರ್ ಕೊಳವೆಯನ್ನು ಎರಡು ವಾರಕ್ಕೊಮ್ಮೆ, ತಪ್ಪಿದರೆ ಪ್ರತಿ ಕೆಗ್ ಮುಗಿದಾಗಲಾದರೂ, ಅದಕ್ಕೆಂದೇ ಸಿಗುವ ಕ್ಷಾರೀಯ ದ್ರಾವಣದಿಂದ ತೊಳೆಯಿರಿ. ದ್ರಾವಣ ಕೊಳವೆಯೊಳಗೆ 20 ನಿಮಿಷ ನಿಲ್ಲಲಿ. ಆಮೇಲೆ ಜಾರುವಿಕೆ ಹೋಗುವವರೆಗೆ ಶುದ್ಧ ನೀರು ಹಾಯಿಸಿ. ಈ ದ್ರಾವಣಕ್ಕೆ ಕೈಗವಸು ಮತ್ತು ಕನ್ನಡಕ ಬೇಕು. ಬಟ್ಟೆಗೆ ಹಾಕುವ ಬ್ಲೀಚನ್ನು ಕೆಗ್ಗಿಗೆ ಬಳಸಬೇಡಿ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಣ್ಣ ಗುಳಿ ಬೀಳುತ್ತವೆ. ಅದನ್ನು ಆಮ್ಲದ ದ್ರಾವಣದೊಂದಿಗೆ ಬೆರೆಸಿದರೆ ವಿಷಾನಿಲ ಹೊರಡುತ್ತದೆ. ನಲ್ಲಿಯನ್ನು ಬಿಚ್ಚಿ ಬ್ರಷ್ಷಿನಿಂದ ಉಜ್ಜುವುದು ಅದೇ ದಿನ ಆಗಲಿ.

ಒಳಗೆ ತೇವ ಕಟ್ಟಿ ಕೆಗ್ಗಿನ ರಬ್ಬರ್ ಹಿಡಿಗಳ ಮೇಲೆ ಕಪ್ಪು ಬೂಸ್ಟು ಕಂಡರೆ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಯೊಂದನ್ನು ಗೂನಿನ ಮೇಲಿಡಿ, ರಬ್ಬರ್ ಪಟ್ಟಿಯನ್ನು ನೋಟಿನಿಂದ ಮತ್ತೆ ಪರೀಕ್ಷಿಸಿ. ಸಿಲಿಂಡರಿನ ತೂಕವನ್ನು ತಿಂಗಳಿಗೊಮ್ಮೆ ಬಾಗಿಲಿನ ಮೇಲೆ ಅಂಟಿಸಿದ ಟೇಪಿನಲ್ಲಿ ಬರೆಯುತ್ತ ಹೋಗಿ. ಆ ತಿಂಗಳು ಮುಗಿಸಿದ ಕೆಗ್ಗುಗಳ ಲೆಕ್ಕಕ್ಕಿಂತ ತೂಕ ಹೆಚ್ಚು ಇಳಿದಿದ್ದರೆ, ಹೊಸ ಕೆಗ್ ಜೋಡಿಸುವ ಮುಂಚೆ ಎಂಟನೆಯ ಹಂತವನ್ನು ಮೊದಲಿನಿಂದ ಮಾಡಿ.